ಹಾದಿ ತಪ್ಪಿದರೆ ಕೂಗಬೇಕು

ನಿವೃತ್ತಳಾಗಿ ಬೀದರಿಗೆ ಬಂದು ಚಿದ್ರಿಯಲ್ಲಿ ಮನೆ ಮಾಡಿದ ಮೊದಲ ವಾರವೇ ಎದುರಿನ ಕಿರಾಣಿ ಅಂಗಡಿಯ ಬಸಣ್ಣ ತನ್ನ ಮೊಬೈಲು ಹಿಡಿದುಕೊಂಡು ಬಾಗಿಲಿಗೆ ಬಂದ.

“ಬಾಯಾರ, ನೀವು ಕಂಪ್ಯೂಟರ್ ಕೆಲಸದಾಗ ಇದ್ರಂತ. ಇದು ಚಾರ್ಜ್ ಹಿಡೀವಲ್ದು, ಜರಾ ನೋಡ್ರಿ.”

“ನನಗ ರಿಪೇರಿ ಬರಂಗಿಲ್ಲ ಬಸಣ್ಣ.”

“ಮತ್ತ ಇಷ್ಟ್ ವರ್ಷ ಹೈದರಾಬಾದಿನ್ಯಾಗ ಏನ್ ಮಾಡಿದ್ರಿ?”

ಅವನಿಗೆ ರಿಪೇರಿ ಅಂಗಡಿಯ ದಾರಿ ತೋರಿಸಿ ಕಳಿಸಿದೆ. ಆದರೆ ಪ್ರಶ್ನೆ ಮನೆಯಲ್ಲೇ ಉಳಿಯಿತು. ಈಚೆಗೆ ಊರಿನ ಕಾಲೇಜಿನ ಹುಡುಗಿಯರು ಕೆಲವರು ಇದೇ ಕೆಲಸಕ್ಕೆ ಹೊರಟಿದ್ದಾರೆ, ಹೇಗಿರುತ್ತದೆ ಹೇಳಿ ಎಂದು ಬೆನ್ನು ಹತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಹೇಳುವುದಿಲ್ಲ. ಅದು ಬಂದಾಗಲೆಲ್ಲ ಪೇಢೆ ಹಂಚಿ ಮುಗಿಸಿದ್ದೇನೆ.

ಪ್ರೊಸೆಸರ್ ಎಂಬುದು ಒಂದು ಮಹಾ ದಡ್ಡ ಆಳು. ಇಲ್ಲಿಂದ ಒಂದು ಅಂಕಿ ತಾ, ಅಲ್ಲಿ ಇಡು, ಎರಡನ್ನು ಕೂಡಿಸು, ಯಾವುದು ದೊಡ್ಡದು ನೋಡು, ದೊಡ್ಡದಾದರೆ ಆ ಕೆಲಸಕ್ಕೆ ಹೋಗು. ಅದಕ್ಕೆ ಗೊತ್ತಿರುವುದು ಇಂಥ ಕೆಲವೇ ಮಾತುಗಳು. ನಿಮ್ಮ ಮೊಬೈಲಿನ ಹಾಡು, ಬ್ಯಾಂಕಿನ ವ್ಯವಹಾರ, ಮದುವೆಯ ಫೋಟೋ ಎಲ್ಲವನ್ನೂ ಒಡೆಯುತ್ತ ಹೋದರೆ ಕೊನೆಗೆ ಈ ಚಿಲ್ಲರೆ ಮಾತುಗಳೇ ಉಳಿಯುತ್ತವೆ. ಯಾವ ಮಾತುಗಳನ್ನು ಆ ಆಳಿಗೆ ಕಲಿಸಬೇಕು, ಯಾವುದನ್ನು ಬಿಡಬೇಕು ಎಂದು ಒಂದು ಕೋಣೆಯಲ್ಲಿ ಕೂತು ಜಗಳಾಡುವವರು ಕೆಲವರಿರುತ್ತಾರೆ. ಆ ಜಗಳಗಂಟರಲ್ಲಿ ನಾನೂ ಒಬ್ಬಳು. ಆಫೀಸಿನಲ್ಲಿ ಅದನ್ನು ಇನ್‌ಸ್ಟ್ರಕ್ಷನ್ ಎನ್ನುತ್ತಿದ್ದೆವು, ಪುಸ್ತಕಗಳು ಸೂಚನೆ ಎನ್ನುತ್ತವೆ. ನನಗೆ ಮಾತ್ರ ಔರಾದಿನ ನಮ್ಮಜ್ಜಿಯ ಬಾಯಲ್ಲಿದ್ದ ಅಪ್ಪಣೆ ಎಂಬ ಮಾತೇ ಸರಿ ಅನಿಸುತ್ತದೆ. ಏಕೆಂದರೆ ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯುವಂತಿಲ್ಲ. ಅದನ್ನು ನಂಬಿ ಜಗತ್ತಿನಲ್ಲಿ ಯಾರ‍್ಯಾರೋ ಏನೇನೋ ಬರೆದಿರುತ್ತಾರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರಲ್ಲ, ನಮ್ಮದು ಅಂಥ ಕಸುಬು.

ನಾನು ಸೇರಿದಾಗ ನಮ್ಮ ಮುಖ್ಯಸ್ಥರು ರಾವ್ ಸಾಹೇಬರು. ಗುಂಟೂರಿನ ಕಡೆಯವರು. ಸಿಟ್ಟು ಬಂದರೆ ತೆಲುಗು, ಖುಷಿಯಾದರೆ ಹಿಂದಿ. ಅವರ ಕೋಣೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿತ್ತು. ಚೌಕಾಬಾರದ ಹಾಸಿನಂತೆ ಅದರ ತುಂಬ ಮನೆಗಳು. ಒಂದೊಂದು ಅಪ್ಪಣೆಗೂ ಒಂದೊಂದು ಸಂಖ್ಯೆ, ಒಂದೊಂದು ಸಂಖ್ಯೆಗೂ ಒಂದು ಮನೆ. ಪೆನ್ಸಿಲಿನಲ್ಲಿ ಬರೆಯುವುದು, ರಬ್ಬರಿನಲ್ಲಿ ಒರೆಸುವುದು. ಈಗಿನವರು ಹೊಸ ಅಪ್ಪಣೆಯೊಂದನ್ನು ಬೆಳಿಗ್ಗೆ ಯೋಚಿಸಿ ಮಧ್ಯಾಹ್ನ ಕಂಪ್ಯೂಟರಿನೊಳಗೇ ಓಡಿಸಿ ನೋಡುತ್ತಾರೆ. ಲಾಭವೆಷ್ಟು, ನಷ್ಟವೆಷ್ಟು ಎಂದು ಅದೇ ಹೇಳುತ್ತದೆ. ನಮಗೆ ಹೇಳುತ್ತಿದ್ದದ್ದು ರಾವ್ ಸಾಹೇಬರ ಹುಬ್ಬು. ಅದು ಮೇಲೇರಿದರೆ ರಬ್ಬರು ಹುಡುಕಬೇಕು.

ನನ್ನ ಪಕ್ಕದ ಮೇಜು ಅಖ್ತರ್ ಭಾಯಿಯವರದು. ಬೀದರಿನ ಹಳೆಯ ಊರಿನವರು, ನನಗಿಂತ ಸ್ವಲ್ಪ ಹಿರಿಯರು. ಹೈದರಾಬಾದಿನ ಆ ಆಫೀಸಿನಲ್ಲಿ ನಮ್ಮ ಕಡೆಯ ಮಾತು ಆಡುವವರು ನಾವಿಬ್ಬರೇ. ಜಗಳವೂ ಹಾಗಾಗಿ ಊರಿನ ಮಾತಿನಲ್ಲೇ ಆಗುತ್ತಿತ್ತು, ಉಳಿದವರಿಗೆ ಏನೂ ಅರ್ಥವಾಗದೆ ನಮ್ಮ ಮುಖ ನೋಡುತ್ತಿದ್ದರು.

ನಾವೆಲ್ಲ ಸೇರಿ ಮಾಡಿದ ಮೊದಲ ದೊಡ್ಡ ಎಡವಟ್ಟು ಸೊನ್ನೆಯದು. ಆ ಹಾಳೆಯ ಮೊದಲ ಮನೆ, ಅಂದರೆ ಬರೀ ಸೊನ್ನೆಗಳ ಮನೆ, ಅದರಲ್ಲಿ ಕೂಡಿಸುವ ಅಪ್ಪಣೆಯನ್ನು ಬರೆದಿದ್ದೆವು. ಸೊನ್ನೆಯನ್ನು ಸೊನ್ನೆಗೆ ಕೂಡಿಸು ಎಂದಾಯಿತು. ಮಂಗಳಕರವಾಗಿ ಸೊನ್ನೆಯಿಂದಲೇ ಶುರುವಾಗಲಿ ಎಂದು ಎಲ್ಲರಿಗೂ ಖುಷಿ. ಆ ಹಾಳೆಯಂತೆ ತಯಾರಾದ ಪ್ರೊಸೆಸರ್ ಚಿಪ್ಪನ್ನು ಪರೀಕ್ಷೆಗೆಂದು ಆಫೀಸಿನ ಹಿತ್ತಲಿನ ನೀರಿನ ಪಂಪಿಗೆ ಜೋಡಿಸಿದೆವು. ಟಾಕಿ ತುಂಬಿದರೆ ಪಂಪು ನಿಲ್ಲಿಸುವುದು ಅದರ ಕೆಲಸ. ಒಂದು ದಿನ ಪ್ರೋಗ್ರಾಮಿನಲ್ಲಿ ಏನೋ ಹೆಚ್ಚುಕಡಿಮೆಯಾಗಿ ಚಿಪ್ಪು ದಾರಿ ತಪ್ಪಿತು. ಏನೂ ಬರೆಯದ ಖಾಲಿ ಜಾಗಕ್ಕೆ ಹೋಯಿತು. ಖಾಲಿ ಜಾಗದಲ್ಲಿ ಇರುವುದು ಬರೀ ಸೊನ್ನೆ. ಸೊನ್ನೆ ಎಂದರೆ ಕೂಡಿಸು ಎಂದು ನಾವೇ ಹೇಳಿದ್ದೆವಲ್ಲ. ಅದು ಸೊನ್ನೆಗೆ ಸೊನ್ನೆ ಕೂಡಿಸುತ್ತ, ಮುಂದಿನ ಮನೆಗೆ ಹೋಗುತ್ತ, ಅಲ್ಲೂ ಸೊನ್ನೆಗೆ ಸೊನ್ನೆ ಕೂಡಿಸುತ್ತ ತನ್ನ ಪಾಡಿಗೆ ತಾನು ನಡೆಯಿತು. ಪಂಪು ನಿಲ್ಲಲಿಲ್ಲ. ಟಾಕಿ ತುಂಬಿ ಹರಿದು ಹಿತ್ತಲೆಲ್ಲ ಕೆರೆಯಾಯಿತು. ರಾವ್ ಸಾಹೇಬರು ಪ್ಯಾಂಟು ಮಡಚಿಕೊಂಡು ನೀರಲ್ಲಿ ನಿಂತು ತೆಲುಗಿಗೆ ಇಳಿದರು.

ಅಖ್ತರ್ ಭಾಯಿ ಚಿಪ್ಪನ್ನೇ ನೋಡುತ್ತ ನಿಂತಿದ್ದರು.

“ದೇಖೋ ಕಸ್ತೂರಿಬಾಯಿ, ಇದು ಹಾದಿ ತಪ್ಪಿದ್ದಕ್ಕ ನನಗ ಸಿಟ್ಟಿಲ್ಲ. ಯಾರ್ ಬೇಕಾದ್ರೂ ತಪ್ತಾರ. ತಪ್ಪಿದ ಮ್ಯಾಲ ಕೂಗಬೇಕಿತ್ತು. ಸುಮ್ಮ ನಡೀತಾ ಹೋಗ್ಯಾದ ನೋಡ್ರಿ, ಅದಕ್ಕ ಸಿಟ್ಟು.”

ಅಂದಿನಿಂದ ಸೊನ್ನೆಯ ಮನೆಯನ್ನು ಯಾವ ಅಪ್ಪಣೆಗೂ ಕೊಡಲಿಲ್ಲ. ಅಲ್ಲಿಗೆ ಹೆಜ್ಜೆ ಇಟ್ಟ ಕೂಡಲೇ ಯಂತ್ರ ನಿಂತು ತಪ್ಪಾಗಿದೆ ಎಂದು ಸಾರಬೇಕು. ಈ ಕಸುಬಿಗೆ ಬರುವವರು ಇದೊಂದನ್ನು ನೆನಪಿಟ್ಟರೂ ಸಾಕು. ನಾನು ಇದನ್ನು ಯಂತ್ರದ ಮಟ್ಟಿಗೆ ಚೆನ್ನಾಗಿಯೇ ಕಲಿತೆ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಹಾಳೆಯಲ್ಲಿ ಮನೆಗಳು ಕಡಿಮೆ, ಅಪ್ಪಣೆ ಸೇರಿಸಬೇಕೆನ್ನುವವರು ಹೆಚ್ಚು. ಒಂದು ಮನೆಗೆ ಇಬ್ಬರು ಗಂಟು ಬಿದ್ದರೆ ಒಬ್ಬರದು ಉಳಿಯುತ್ತದೆ, ಇನ್ನೊಬ್ಬರದು ಸಾಯುತ್ತದೆ. ತಿಂಗಳುಗಟ್ಟಲೆ ತಲೆಯಲ್ಲಿಟ್ಟು ಸಾಕಿದ್ದನ್ನು ರಾವ್ ಸಾಹೇಬರು ರಬ್ಬರಿನಿಂದ ಒರೆಸಿಬಿಡುತ್ತಿದ್ದರು. ಹೊರಗಿನವರಿಗೆ ನಗು ಬರಬಹುದು, ನಮಗೆ ಅದು ನಿಜವಾದ ಸೂತಕ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರು ಬುತ್ತಿ ತರುತ್ತಾರೆ. ಅಖ್ತರ್ ಭಾಯಿಯವರ ಮಂದಿಯಲ್ಲೂ ಹಾಗೆ, ನಮ್ಮಲ್ಲೂ ಹಾಗೆ. ಅದನ್ನೇ ಅವರು ಆಫೀಸಿಗೆ ತಂದರು. ಯಾರ ಅಪ್ಪಣೆ ಗೆದ್ದಿತೋ ಅವರು ಮರುದಿನ ಸೋತವರಿಗೆ ಮನೆಯಿಂದ ಊಟ ತರಬೇಕು, ಇಬ್ಬರೂ ಕೂತು ಉಣ್ಣಬೇಕು, ಊಟ ಮುಗಿಯುವ ತನಕ ಕೆಲಸದ ಮಾತು ಎತ್ತಬಾರದು. ಈ ಪದ್ಧತಿ ಇಲ್ಲದಿದ್ದರೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನಿವೃತ್ತರಾಗುತ್ತಿದ್ದೆವು.

ಇನ್ನು ನಮ್ಮ ಅಕ್ಕನ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಾಡಿದ್ದು ಅದಕ್ಕೆ ಬರಲು ಅಂಜಿ.

ಅಕ್ಕ ರತ್ನಮ್ಮ ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ತೀರಿಕೊಂಡಳು, ಔರಾದಿನ ಮನೆಯಲ್ಲಿ ನನ್ನನ್ನು ಬೆಳೆಸಿದವಳು ಅಕ್ಕನೇ. ತಾನು ಸಾಲಿ ಬಿಟ್ಟು ನನ್ನನ್ನು ಸಾಲಿಗೆ ಕಳಿಸಿದಳು. ಸಂಜೆ ಒಲೆಯ ಮುಂದೆ ಅವಳು ರೊಟ್ಟಿ ತಟ್ಟುವುದು, ಆ ಸಪ್ಪಳದ ಲಯಕ್ಕೆ ನಾನು ಮಗ್ಗಿ ಹೇಳುವುದು. ಎಲ್ಲಾದರೂ ತಪ್ಪಿದರೆ ಅವಳು ಬೈಯುತ್ತಿರಲಿಲ್ಲ, ತಟ್ಟುವುದನ್ನು ನಿಲ್ಲಿಸುತ್ತಿದ್ದಳು. ಸಪ್ಪಳ ನಿಂತಿತು ಎಂದರೆ ತಪ್ಪಿತು ಎಂದರ್ಥ. ಮುಂದೆ ಭಾಲ್ಕಿಗೆ ಮದುವೆಯಾಗಿ ಹೋದಳು. ಅಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಸೋಮವಾರ ಸಂಜೆ ಸೇರಿ ವಚನ ಹಾಡುತ್ತಿದ್ದರು. ಮೊದಲ ಸಾಲು ಎತ್ತಿಕೊಡುವುದು ಅಕ್ಕನ ಪಾಲಿನದು. ಹಲಬರ್ಗಾದಿಂದಲೂ ಹೆಣ್ಣುಮಕ್ಕಳು ಅವಳ ಹಾಡು ಕೇಳಲು ಬರುತ್ತಿದ್ದರು. ನನಗೆ ದೇವರಲ್ಲಿ ಅಷ್ಟಕ್ಕಷ್ಟೇ, ಆದರೆ ಅಕ್ಕ ದನಿ ಎತ್ತಿದರೆ ನಾನೂ ಕಣ್ಣು ಮುಚ್ಚುತ್ತಿದ್ದೆ.

ಮೈಲಿಗಟ್ಟಲೆ ಕೇಳುವ ದನಿ ಇದ್ದವಳಿಗೆ ಕಿವಿ ಮಂದವಾಗತೊಡಗಿತು. ಒಂದು ಜ್ವರದ ನಂತರ ಇನ್ನೂ ಹೆಚ್ಚಾಯಿತು. ಮೊದಲ ಸಾಲು ತಪ್ಪದೆ ಎತ್ತುತ್ತಿದ್ದಳು. ಉಳಿದವರು ಎಲ್ಲಿದ್ದಾರೆ ಎಂದು ಗೊತ್ತಾಗದೆ ಮುಂದೆ ಓಡಿಬಿಡುತ್ತಿದ್ದಳು.

ಅದೇ ಕಾಲಕ್ಕೆ ನಮ್ಮ ಆಫೀಸಿಗೆ ಕಿವಿಯ ಯಂತ್ರದ ಕೆಲಸ ಬಂತು. ಕಡಿಮೆ ಬೆಲೆಯ ಶ್ರವಣಯಂತ್ರಕ್ಕೆ ಒಂದು ಪುಟ್ಟ ಪ್ರೊಸೆಸರ್ ಬೇಕಿತ್ತು. ನಾನು ಕುಣಿದಾಡಿದೆ. ಭಾಲ್ಕಿಗೆ ಹೋಗಿ ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ, “ನಿನ್ನ ಕಿವಿ ನಾನೇ ಮಾಡ್ಲತ್ತೀನಿ ಅಕ್ಕಾ!”

“ಲಗು ಮಾಡವ್ವ ಮತ್ತ. ಕಿವಿ ಹೋಗಿದ್ದು ಹಾಡಿನ ಬುಡಕ್ಕೇ ಬಂದದ,” ಎಂದಳು ಅಕ್ಕ.

ಆ ಯಂತ್ರದ ಹಾಳೆ ಬಹಳ ಚಿಕ್ಕದು. ಬಹುತೇಕ ತುಂಬಿ ಕೊನೆಗೆ ಒಂದೇ ಮನೆ ಉಳಿಯಿತು. ಅದಕ್ಕೆ ಇಬ್ಬರು ಗಂಟು ಬಿದ್ದೆವು, ನಾನು ಮತ್ತು ಅಖ್ತರ್ ಭಾಯಿ.

ನನ್ನ ಅಪ್ಪಣೆ ಕೂಡಿಸುವುದರದೇ ಒಂದು ಬಗೆ. ಯಂತ್ರಕ್ಕೆ ಸದ್ದು ಎಂದರೆ ಅಂಕಿ. ದೊಡ್ಡ ಸದ್ದು ದೊಡ್ಡ ಅಂಕಿ. ಅಂಕಿ ಇಡುವ ಪಾತ್ರೆಗೆ ಒಂದು ಅಳತೆ ಇರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಮ್ಮ ಕೊಡದ ಗುಣವೇ ಬೇರೆ. ತುಂಬಿದ ಮೇಲೆ ಇನ್ನೊಂದು ಹನಿ ಬಿದ್ದರೆ ಅದು ತಳ ಮೇಲಾಗಿ ಬೋರಲು ಬೀಳುತ್ತದೆ. ಅತಿ ದೊಡ್ಡ ಅಂಕಿ ಇದ್ದದ್ದು ಒಮ್ಮೆಗೇ ಅತಿ ಕೆಳಗಿನ ಅಂಕಿಯಾಗುತ್ತದೆ. ಕಿವಿಯಲ್ಲಿ ಅದು ಚಾಟಿ ಹೊಡೆದಂತೆ ಚಟ್ಟೆನ್ನುತ್ತದೆ. ತುಂಬಿದರೆ ತುಂಬಿದಲ್ಲೇ ನಿಲ್ಲು, ಬೋರಲು ಬೀಳಬೇಡ ಎನ್ನುವುದೇ ನನ್ನ ಅಪ್ಪಣೆ.

ಅಖ್ತರ್ ಭಾಯಿಯವರದು ಮಲಗುವ ಅಪ್ಪಣೆ. ಸುತ್ತ ಸದ್ದಿಲ್ಲದಾಗ ಯಂತ್ರ ಮಲಗಬೇಕು, ಸದ್ದು ಬಂದ ಕೂಡಲೇ ಏಳಬೇಕು. ಹಾಗೆ ಮಾಡಿದರೆ ಸೆಲ್ಲು ಬಹಳ ದಿನ ಬಾಳುತ್ತದೆ.

“ಆ ಸಣ್ಣ ಸೆಲ್ಲು ಹೈದರಾಬಾದಿನ್ಯಾಗ ಸಿಗ್ತದ, ನಿಮ್ಮ ಔರಾದಿನ್ಯಾಗ ಸಿಗ್ತದೇನ್ರಿ?” ಎಂದು ಅವರು ಕೇಳಿದರು. “ಸೆಲ್ಲು ಮುಗದ್ ಮ್ಯಾಲ ನಿಮ್ಮ ಅಪ್ಪಣಿ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ. ಡಬ್ಬ್ಯಾಗ ಬೀಳ್ತದ ಮಷೀನು.”

ನಾನು ಕೂಗಾಡಿದೆ, ಕಣ್ಣೀರೂ ಹಾಕಿದೆ. ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ, ಇಂದಿಗೂ ಆಗಿಲ್ಲ. ಪ್ರೋಗ್ರಾಮ್ ಬರೆಯುವವರು ಸದ್ದನ್ನು ಸ್ವಲ್ಪ ಕಡಿಮೆ ಇಟ್ಟು ಪಾತ್ರೆ ತುಂಬದಂತೆ ನೋಡಿಕೊಳ್ಳುತ್ತೇವೆ ಎಂದು ಭರವಸೆ ಕೊಟ್ಟರು. ರಾವ್ ಸಾಹೇಬರು ಪೆನ್ಸಿಲು ಎತ್ತಿ ಆ ಮನೆಯಲ್ಲಿ ಅಖ್ತರ್ ಭಾಯಿಯವರ ಅಪ್ಪಣೆಯನ್ನು ಬರೆದರು.

ಮರುದಿನ ಅಖ್ತರ್ ಭಾಯಿ ನಾಲ್ಕು ಅಂತಸ್ತಿನ ಊಟದ ಡಬ್ಬಿ ತಂದರು. ಅವರ ಅಮ್ಮ ಬೀದರಿನಿಂದ ಬಂದಿದ್ದರಂತೆ. ನಾನು ಲಿಂಗಾಯತರವಳೆಂದು ಬೇರೆ ಪಾತ್ರೆಯಲ್ಲಿ ಬಘಾರಾ ಬೈಂಗನ್ ಮಾಡಿ ಕಳಿಸಿದ್ದರು. ಅಷ್ಟೂರದ ಹೊಲದ ಎಳೆ ಬದನೆಕಾಯಿ, ಜೊತೆಗೆ ಜೋಳದ ರೊಟ್ಟಿ. ಉಣ್ಣುತ್ತ ಕಣ್ಣಲ್ಲಿ ನೀರು ಬಂತು. ಖಾರ ಎಂದೆ. ಅವರು ನೀರಿನ ಲೋಟ ನನ್ನ ಕಡೆ ಸರಿಸಿದರು.

ಯಂತ್ರವನ್ನು ಪರೀಕ್ಷಿಸಿದ ಬಗೆಯನ್ನು ಇಲ್ಲಿ ಹೇಳಲೇಬೇಕು. ಪರೀಕ್ಷೆಗೆ ಸದ್ದು ಬೇಕಿತ್ತು. ನಮ್ಮ ಸಭಾಕೋಣೆಯಲ್ಲೇ ಮಾತಾಡಿ ಧ್ವನಿ ಮುದ್ರಿಸಿಕೊಂಡೆವು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು, ಹಿಂದೆ ಫ್ಯಾನಿನ ಸದ್ದು, ಚಹಾ ಲೋಟದ ಸದ್ದು. ಯಂತ್ರ ಚೆನ್ನಾಗಿ ಪಾಸಾಯಿತು. ಆಫೀಸಿನವರು ಸೇರಿ ಕಿವಿ ಮಾಡಿದರೆ ಅದಕ್ಕೆ ಆಫೀಸೇ ಕೇಳಿಸುತ್ತದೆ. ನಮ್ಮ ಸಭಾಕೋಣೆಯಲ್ಲಿ ಝಾಂಜು, ಅಂದರೆ ದೊಡ್ಡ ಕಂಚಿನ ತಾಳ, ಬಾರಿಸುವವರು ಯಾರೂ ಇರಲಿಲ್ಲ.

ಮೊದಲು ಹೊರಬಂದ ಯಂತ್ರಗಳಲ್ಲಿ ಒಂದನ್ನು ನಾನೇ ಭಾಲ್ಕಿಗೆ ಒಯ್ದು ಅಕ್ಕನ ಕಿವಿಗೆ ಹಾಕಿದೆ. ಅಂಗಳದ ಗುಬ್ಬಿ ಕೇಳಿತೆಂದು ಅಕ್ಕ ಅತ್ತಳು. ಸೊಸೆ ಸುವರ್ಣಾಳನ್ನು ಕರೆದು “ನೀ ಇಷ್ಟ್ ಸಣ್ಣ ದನಿಯಾಕಿ ಅಂತ ಗೊತ್ತೇ ಇರಲಿಲ್ಲ,” ಎಂದು ನಗಿಸಿದಳು. ಸೋಮವಾರ ಸಂಜೆ ಹೊಸ ಇಳಕಲ್ ಸೀರೆ ಉಟ್ಟು ಹಾಡಲು ಹೋದಳು. ನಾನೂ ಹೋದೆ.

ಮೊದಲ ಸಾಲು ಎತ್ತಿದಳು. ಅದು ಹಳೆಯ ದನಿಯೇ. ಎರಡನೆಯ ಸಾಲಿಗೆ ಹೆಣ್ಣುಮಕ್ಕಳೆಲ್ಲ ಸೇರಿದರು, ಢೋಲಕ್ಕು ಸೇರಿತು, ಝಾಂಜು ಒಮ್ಮೆಗೇ ಬಡಿಯಿತು. ಅಕ್ಕ ಚೀರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಾಗಿದಳು. ಯಂತ್ರ ಕಿತ್ತುಬಂದು ನೆಲಕ್ಕೆ ಬಿತ್ತು. ಹಾಡು ನಿಂತುಹೋಯಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಏನಾಯಿತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಪಾತ್ರೆ ತುಂಬಿ ಬೋರಲು ಬಿದ್ದಿತ್ತು.

ಅಕ್ಕ ಆಮೇಲೆ ಆ ಯಂತ್ರ ಮುಟ್ಟಲಿಲ್ಲ. ಸೋಮವಾರದ ಹಾಡಿಗೂ ಹೋಗಲಿಲ್ಲ. ಮಂದಿಯ ಮುಂದೆ ಚೀರಿದೆ ಎಂಬ ನಾಚಿಕೆ ಅವಳಿಗೆ ನೋವಿಗಿಂತ ದೊಡ್ಡದಾಗಿತ್ತು.

ಆಫೀಸಿನಲ್ಲಿ ನಾನು ಯಾರಿಗೂ ಏನೂ ಹೇಳಲಿಲ್ಲ. ಆದರೆ ನನ್ನ ಮುಖ ನೋಡಿ ಅಖ್ತರ್ ಭಾಯಿ ಬಿಡದೆ ಕೇಳಿ ತಿಳಿದುಕೊಂಡರು. ಬೀದರಿಗೆ ಹೋದವರು ಮುಂದೆ ಭಾಲ್ಕಿಗೂ ಹೋದರು. ಆಗ ನಾನು ಅಲ್ಲಿಯೇ ಇದ್ದೆ. ಅಕ್ಕನ ಎದುರು ಚಾಪೆಯ ಮೇಲೆ ಕೂತು, ಅವಳಿಗೆ ತುಟಿ ಕಾಣುವಂತೆ ಮುಖ ಎತ್ತಿ ನಿಧಾನವಾಗಿ ಹೇಳಿದರು.

“ಅಮ್ಮಾ, ಆ ಮಷೀನಿನ್ಯಾಗ ನಿಮ್ಮ ತಂಗಿ ಒಂದು ಚೊಲೊ ವಸ್ತು ಇಡಬೇಕಂತಿದ್ರು. ನನ್ನದು ಇಟ್ರು, ಅವರದು ಬಿಟ್ರು. ಅದಕ್ಕೇ ನಿಮಗ ತ್ರಾಸ್ ಆಯ್ತು.”

ಅಕ್ಕ ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆ ಆಡಿಸಿದೆ.

“ನಿಮ್ಮ ವಸ್ತು ಕೆಟ್ಟದಿತ್ತೇನಪ್ಪ?”

“ಇಲ್ರಿ. ಅದೂ ಚೊಲೊನೇ ಇತ್ತು.”

“ಮತ್ತ ಯಾಕ ಅಳುಮಾರಿ ಮಾಡ್ಕೊಂಡಿರಿ? ಏಳ್ರಿ, ಕೈಕಾಲು ತೊಳ್ಕೋರಿ, ರೊಟ್ಟಿ ಬಿಸಿ ಅದಾವ,” ಎಂದಳು ಅಕ್ಕ.

ಅವರು ಉಂಡು ಎದ್ದ ಮೇಲೆ ನನಗೆ ಹೇಳಿದರು, “ಮುಂದಿನ ಮಷೀನಿನ್ಯಾಗ ಸೊನ್ನಿ ಬಿಟ್ಟು ಮೊದಲನೇ ಮನಿ ನಿಮ್ಮದು. ಕಸಮ್ ಸೇ.”

ಹೇಳಿದಂತೆ ಮಾಡಿದರು. ಎರಡನೆಯ ಯಂತ್ರದ ಹಾಳೆಯಲ್ಲಿ ನನ್ನ ಅಪ್ಪಣೆಗೆ ಮನೆ ಸಿಕ್ಕಿತು, ಅದರ ಸರ್ಕೀಟನ್ನು ಅಖ್ತರ್ ಭಾಯಿಯೇ ಕೂತು ಬರೆದರು. ಆದರೆ ಒಂದು ಪ್ರೊಸೆಸರ್ ಹಾಳೆಯಿಂದ ಹೊರಟು ಮನುಷ್ಯರ ಕಿವಿಗೆ ತಲುಪಲು ವರ್ಷಗಟ್ಟಲೆ ಬೇಕು. ಈ ಮಾತು ಹೊಸಬರಿಗೆ ಯಾರೂ ಹೇಳುವುದಿಲ್ಲ. ಬರೆಯಬೇಕು, ಪರೀಕ್ಷಿಸಬೇಕು, ಚಿಪ್ಪು ಹೊರದೇಶದಿಂದ ಬರಬೇಕು, ತಪ್ಪು ಕಂಡರೆ ಮತ್ತೆ ಕಳಿಸಬೇಕು. ನಮ್ಮದು ಮತ್ತೆ ಹೋಯಿತು, ಮತ್ತೆ ಬಂತು. ನಡುವೆ ದುಡ್ಡು ಹಾಕುವವರು ಬದಲಾದರು. ರಾವ್ ಸಾಹೇಬರು ನಿವೃತ್ತರಾದರು, ಗೋಡೆಯ ಹಾಳೆಯನ್ನು ಸುರುಳಿ ಸುತ್ತಿ ತಮ್ಮ ಜೊತೆಗೇ ಒಯ್ದರು. ನಾವು ಯಂತ್ರದ ಕಾಲದಲ್ಲಿ ಬದುಕುತ್ತಿದ್ದೆವು, ಅಕ್ಕ ಕಿವಿಯ ಕಾಲದಲ್ಲಿ.

ಕಡೆಗೂ ಹೊಸ ಯಂತ್ರ ಬಂತು. ಈ ಸಲ ಪರೀಕ್ಷೆಗೆ ನಾನೇ ಎರಡು ಜೊತೆ ಝಾಂಜು ತಂದು ಸಭಾಕೋಣೆಯಲ್ಲಿ ಬಡಿದಿದ್ದೆ. ಒಮ್ಮೆಯೂ ಚಟ್ ಎನ್ನಲಿಲ್ಲ. ಭಾಲ್ಕಿಗೆ ಒಯ್ದು ಅಕ್ಕನಿಗೆ ಹಾಕಿ, ಅಡುಗೆಮನೆಯಿಂದ ಹಿಟ್ಟು ನಾದುವ ಪರಾತ ತಂದು ಅವಳ ಪಕ್ಕದಲ್ಲೇ ನೆಲಕ್ಕೆ ಅಪ್ಪಳಿಸಿದೆ. ಅಕ್ಕ ಚೀರಲಿಲ್ಲ. ನಕ್ಕಳು.

“ಕೇಳ್ತದೇನು ಅಕ್ಕಾ?”

“ಕೇಳ್ತದವ್ವ. ಚೊಲೊ ಕೇಳ್ತದ. ಮುಖಾ ಈ ಕಡಿ ಮಾಡಿ ಕೂಡು, ನೋಡ್ತೀನಿ ನಿನ್ನ.”

ನಾನು ಆಫೀಸಿಗೆ ಹೋಗಿ ಊರಿಗೆಲ್ಲ ಸಾರಿದೆ. ನನ್ನ ಕೆಲಸದ ಜೀವನದಲ್ಲಿ ಅದಕ್ಕಿಂತ ದೊಡ್ಡ ದಿನ ಇಲ್ಲ. ಬೀದರಿಗೆ ಬಂದು ನೆಲೆಸಿದ ಮೇಲಂತೂ ವಾರಕ್ಕೊಮ್ಮೆ ಭಾಲ್ಕಿಗೆ ಹೋಗುತ್ತಿದ್ದೆ, ಕೈಚೀಲದಲ್ಲಿ ಸೆಲ್ಲಿನ ಪಟ್ಟಿ ಇಟ್ಟುಕೊಂಡು. ಅಕ್ಕ ಕಿಟಕಿಯ ಬೆಳಕಿನಲ್ಲಿ ನನ್ನನ್ನು ಎದುರು ಕೂಡಿಸಿಕೊಳ್ಳುತ್ತಿದ್ದಳು, ಕಿವಿಯಲ್ಲಿ ಯಂತ್ರ ಇರುತ್ತಿತ್ತು. ಹಾಡಲು ಯಾಕೆ ಹೋಗುವುದಿಲ್ಲ ಎಂದರೆ ದನಿ ಹೋಗ್ಯಾದ ಎನ್ನುತ್ತಿದ್ದಳು. ನಾನು ನಂಬಿದೆ, ವಯಸ್ಸಾಯಿತಲ್ಲ.

ಅವಳ ಮುಂದೆ ನಾನು ಬೇರೆ ಯಾರ ಮುಂದೆಯೂ ಆಡದ ಮಾತು ಆಡಿದೆ. ಮದುವೆಯಾಗದೆ ಉಳಿದವಳ ಮನೆಯಲ್ಲಿ ಸಂಜೆ ಎಷ್ಟು ಉದ್ದವಾಗಿರುತ್ತದೆ ಎಂದು, ಕೆಲಸ ಬಿಟ್ಟ ಮೇಲೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಎಂದು, ಸಾಯುವಾಗ ಹತ್ತಿರ ಯಾರಿರುತ್ತಾರೋ ಎಂದು. ಮಾತಾಡುತ್ತ ಒಮ್ಮೊಮ್ಮೆ ತಲೆ ತಗ್ಗಿಸಿಬಿಡುತ್ತಿದ್ದೆ. ಅಕ್ಕ ನನ್ನ ಕೈ ಹಿಡಿದುಕೊಂಡು ತಲೆದೂಗುತ್ತಿದ್ದಳು. “ಹೌದವ್ವ ತಂಗಿ, ಹಂಗೇ ಇರ್ತದ,” ಎನ್ನುತ್ತಿದ್ದಳು. ನನಗೆ ಅಷ್ಟು ಸಾಕಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಅಕ್ಕ ತೀರಿಕೊಂಡಳು. ಮಣ್ಣು ಮಾಡಿ ಬಂದ ಮರುದಿನ ಸುವರ್ಣಾ ಒಂದು ಸ್ಟೀಲಿನ ಡಬ್ಬಿ ತಂದು ನನ್ನ ಮುಂದಿಟ್ಟಳು. ಯಂತ್ರ ಇತ್ತು. ಅದರ ಕೆಳಗೆ ನಾನು ತಂದುಕೊಟ್ಟ ಸೆಲ್ಲಿನ ಪಟ್ಟಿಗಳು, ಒಂದನ್ನೂ ಬಿಚ್ಚಿರಲಿಲ್ಲ. ಯಂತ್ರದ ಪುಟ್ಟ ಬಾಗಿಲು ತೆರೆದು ನೋಡಿದೆ. ಸೆಲ್ಲು ಇರಬೇಕಾದ ಜಾಗ ಖಾಲಿ.

“ಇದೇನ ಸುವರ್ಣಾ?”

ನಮ್ಮ ಕಡೆ ಅವ್ವನ ತಂಗಿಯನ್ನು ಕರೆಯುವಂತೆ ಅವಳೂ ನನ್ನನ್ನು ಮಾವಶಿ ಎನ್ನುತ್ತಾಳೆ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಹೇಳಬ್ಯಾಡ ಅಂತ ಆಣಿ ಹಾಕಿದ್ರು ಮಾವಶಿ. ಮೊದಲ ನಾಕ್ ದಿನ ಹಾಕ್ಕೊಂಡ್ರು. ಸಪ್ಪಳ ಬರ್ತದ, ಮಾತು ಆಗಂಗಿಲ್ಲ ಅಂದ್ರು. ಎಲ್ಲಾ ಕಲಸಿ ಇಟ್ಟಂಗ ಕೇಳ್ತದ, ತಲಿ ಒಡೀತದ ಅಂದ್ರು. ಸೆಲ್ಲು ತೆಗೆದಿಟ್ರು. ನೀವು ಬರೋ ದಿನ ಅಷ್ಟೇ ಕಿವಿಗಿ ಏರಸ್ತಿದ್ರು.”

“ಮತ್ತ ನನಗ ಯಾಕ ಹೇಳಲಿಲ್ಲ?”

“ತಂಗಿ ನನ್ನ ಸಲುವಾಗಿ ಇಷ್ಟ್ ವರ್ಷ ಗುದ್ದಾಡ್ಯಾಳ, ಅಕಿ ಮುಖಾ ಸಣ್ಣ ಮಾಡಬಾರ್ದು ಅಂದ್ರು. ನಾ ಒಮ್ಮೆ ಕೇಳಿದೆ, ಅವರು ಅಷ್ಟ್ ಮಾತಾಡ್ತಾರ, ನಿಮಗ ಏನ್ ತಿಳೀತದ್ರಿ ಅಂತ. ತುಟಿ ನೋಡಿ ಒಂದಿಷ್ಟ್ ತಿಳೀತದ, ಅಕಿ ತಲಿ ಬಗ್ಗಿಸಿದ್ರ ಅದೂ ಇಲ್ಲ. ಅವಾಗ ಕೈ ಹಿಡೀತೀನಿ ಅಂದ್ರು.”

ಕಿವಿಯ ಡಾಕ್ಟರೊಬ್ಬರನ್ನು ಆಮೇಲೆ ಕೇಳಿದೆ. ಬಹಳ ವರ್ಷ ಮಾತು ಬೀಳದ ಕಿವಿ ಮಾತನ್ನೇ ಮರೆಯುತ್ತದಂತೆ. ಸದ್ದು ಮುಟ್ಟಿಸಬಹುದು, ಅದನ್ನು ಮಾತು ಮಾಡುವ ಶಕ್ತಿ ಮತ್ತೆ ತರುವುದು ಕಷ್ಟವಂತೆ. ಅಂದರೆ ನನ್ನ ಅಪ್ಪಣೆ ತಪ್ಪಿರಲಿಲ್ಲ. ಹೊತ್ತು ಮೀರಿತ್ತು. ಮೊದಲ ಯಂತ್ರಕ್ಕೂ ಎರಡನೆಯದಕ್ಕೂ ನಡುವಿನ ವರ್ಷಗಳಲ್ಲಿ ಅಕ್ಕ ಮೌನದಲ್ಲಿ ಕೂತು ನಮ್ಮನ್ನು ಕಾಯುತ್ತಿದ್ದಳು.

ನಾನು ತಲೆ ತಗ್ಗಿಸಿ ಆಡಿದ ಮಾತುಗಳೇ ನನ್ನ ಎದೆಯ ನಿಜವಾದ ಮಾತುಗಳು. ಅವುಗಳಲ್ಲಿ ಒಂದೂ ಅವಳಿಗೆ ಮುಟ್ಟಲಿಲ್ಲ. ಆ ದಡ್ಡ ಆಳಿಗೆ ದಾರಿ ತಪ್ಪಿದರೆ ಕೂಗುವುದನ್ನು ಕಲಿಸಿದವಳು ನಾನು. ನನ್ನ ಅಕ್ಕ ನನ್ನೆದುರಿಗೇ ದಾರಿ ಕಾಣದೆ, ಕೂಗದೆ, ನಗುತ್ತ ತಲೆದೂಗುತ್ತ ಜೊತೆಗೆ ನಡೆದಳು. ಮಗ್ಗಿ ತಪ್ಪಿದರೆ ರೊಟ್ಟಿ ತಟ್ಟುವುದನ್ನು ನಿಲ್ಲಿಸುತ್ತಿದ್ದವಳು ಈ ಒಂದು ಸಲ ನಿಲ್ಲಿಸಲಿಲ್ಲ.

ಈ ಕೆಲಸಕ್ಕೆ ಹೊರಟ ಹುಡುಗಿಯರೇ, ನಿಮಗೆ ನಾನು ಹೇಳಬೇಕಾದದ್ದು ಇದು. ನೀವು ಮಾಡಿದ್ದನ್ನು ನಿಮ್ಮ ಮೇಲಿನ ಪ್ರೀತಿಗೆ ಹಾಕಿಕೊಳ್ಳುವವರು ಇರುತ್ತಾರೆ. ಅವರು ಚೊಲೊ ಅದ ಎಂದರೆ ನಂಬಬೇಡಿ. ಎದ್ದು ಅವರ ಬೆನ್ನ ಹಿಂದೆ ಹೋಗಿ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ತಿರುಗಿ ನೋಡಿದರೆ ಮಾತ್ರ ನಿಮ್ಮ ಕೆಲಸ ಆಗಿದೆ. ನಾನು ಒಂದು ದಿನವೂ ಅಕ್ಕನ ಬೆನ್ನ ಹಿಂದೆ ಹೋಗಲಿಲ್ಲ. ಅವಳು ನನ್ನ ಮುಖ ನೋಡಬೇಕೆನ್ನುತ್ತಿದ್ದಳಲ್ಲ.

ಸುವರ್ಣಾ ಯಂತ್ರ ತಂದುಕೊಟ್ಟ ದಿನವೇ ಮಧ್ಯಾಹ್ನ ಭಾಲ್ಕಿಯ ಮನೆಯ ಮುಂದೆ ಆಟೋ ನಿಂತಿತು. ಅಖ್ತರ್ ಭಾಯಿ ಇಳಿದರು. ಮೊಳಕಾಲು ನೋವಿನಿಂದ ನಡೆಯುವುದೇ ಕಷ್ಟವಾಗಿತ್ತು, ಕೈಯಲ್ಲಿ ಅದೇ ನಾಲ್ಕು ಅಂತಸ್ತಿನ ಡಬ್ಬಿ. ಅವರ ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು, ಈ ಸಲ ಅವರೇ ಮಾಡಿದ್ದರಂತೆ.

“ಇಷ್ಟ್ ದೂರ ಯಾಕ ಬಂದಿರಿ ಭಾಯ್? ಫೋನ್ ಮಾಡಿದ್ರ ಆಗ್ತಿತ್ತು,” ಎಂದೆ.

“ಆ ಹಾಳ್ಯಾಗ ನನ್ನದು ಗೆದ್ದಿತ್ತಲ್ಲ ಬಾಯಿ. ನಾನೇ ತರಬೇಕು.”

ನಾನು ಯಂತ್ರವನ್ನು ಅವರ ಕೈಗಿಟ್ಟು ಎಲ್ಲ ಹೇಳಿದೆ. ಅವರು ಪಟ್ಟಿಯಿಂದ ಒಂದು ಸೆಲ್ಲು ಬಿಚ್ಚಿ ಹಾಕಿ, ಬಾಗಿಲು ಮುಚ್ಚಿ, ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಕಿವಿಯ ಯಂತ್ರವನ್ನು ಮುಷ್ಟಿಯಲ್ಲಿ ಹಿಡಿದರೆ ತನ್ನ ಸದ್ದನ್ನು ತಾನೇ ಕೇಳಿಸಿಕೊಂಡು ಶಿಳ್ಳೆ ಹಾಕುತ್ತದೆ. ಇದೂ ಹಾಕಿತು. ಸಣ್ಣಗೆ, ಬಿಡದೆ ಕೂಗಿತು. ಒಳಗಿದ್ದ ಸುವರ್ಣಾ ಕುಕ್ಕರು ಎಂದುಕೊಂಡು ಎದ್ದು ಬಂದು, ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಮುಷ್ಟಿ ಬಿಚ್ಚಲಿಲ್ಲ. ಅಳು ಆಗ ಬಂತು, ಸಾವಿನ ದಿನ ಬಾರದ ಅಳು.

ಅಖ್ತರ್ ಭಾಯಿ ಡಬ್ಬಿ ಬಿಚ್ಚಿ ತಟ್ಟೆಗೆ ಬಡಿಸಿದರು. ಊಟ ಮುಗಿಯುವ ತನಕ ನಾವು ಕೆಲಸದ ಮಾತು ಆಡಲಿಲ್ಲ.